ವಿಡಿಯೊ ಇಇಜಿಯಲ್ಲಿ ಅಪಸ್ಮಾರ ಇಲ್ಲ ಅಂದರು, ಆದರೂ ಮಗಳಿಗೆ ಫಿಟ್ಸ್ ಬರುತ್ತದೆ. ಏನು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ, ಬಿ.ಕಾಂ. ಎರಡನೇ ವರ್ಷ. ಮೂರು ವರ್ಷದಿಂದ ಫಿಟ್ಸ್ ಬರುತ್ತಿದೆ. ಕುಸಿದು ಬೀಳುತ್ತಾಳೆ, ಕೈಕಾಲು ಒದರುತ್ತಾಳೆ, ಕೆಲವು ಸಲ ಅರ್ಧ ಗಂಟೆಯಾದರೂ ನಿಲ್ಲುವುದಿಲ್ಲ. ಊರಿನ ಡಾಕ್ಟರು ಮೊದಲು ಒಂದು ಮಾತ್ರೆ ಕೊಟ್ಟರು, ಈಗ ಮೂರು ಬಗೆ ಆಗಿದೆ, ಕಡಿಮೆಯಾಗಿಲ್ಲ. ಎಂಆರ್‌ಐ ನಾರ್ಮಲ್. ಕಳೆದ ತಿಂಗಳು ಬೆಂಗಳೂರಿನಲ್ಲಿ ಅಡ್ಮಿಟ್ ಮಾಡಿಕೊಂಡು ವಿಡಿಯೊ ಇಇಜಿ ಮಾಡಿದರು, ಅಲ್ಲೂ ಎರಡು ಸಲ ಬಂತು. "ಅಪಸ್ಮಾರ ಅಲ್ಲ, ಏನೂ ಆಗಿಲ್ಲ, ಮಾನಸಿಕ ತಜ್ಞರನ್ನು ನೋಡಿ" ಎಂದು ಕಳಿಸಿದರು. ಮನೆಯಲ್ಲಿ ನನ್ನ ಮೈದುನ ನಾಟಕ ಅನ್ನುತ್ತಾನೆ, ಅತ್ತೆ ಗಾಳಿ ಸೋಕಿದೆ ಅನ್ನುತ್ತಾರೆ. ಮಾತ್ರೆ ನಿಲ್ಲಿಸಿಬಿಡಲೇ? ಮುಂದೆ ಇವಳ ಮದುವೆ ಹೇಗೆ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ನನಗೆ ಮೊದಲು ಚುಚ್ಚಿದ್ದು "ಏನೂ ಆಗಿಲ್ಲ" ಎಂಬ ಮಾತು. ಮೂರು ವರ್ಷದಿಂದ ಬಿದ್ದು ಏಳುತ್ತಿರುವ ಹುಡುಗಿಯ ಎದುರು ಏನೂ ಆಗಿಲ್ಲ ಅಂದರೆ ಅವಳ ಕಿವಿಗೆ ಬೀಳುವುದು "ನೀನು ಸುಳ್ಳು ಹೇಳುತ್ತಿದ್ದೀಯ" ಎಂದೇ. ಆಗಿರುವುದು ಉಂಟು. ಅದಕ್ಕೆ ಹೆಸರಿದೆ, ಪತ್ತೆ ಮಾಡುವ ದಾರಿ ಇದೆ, ಚಿಕಿತ್ಸೆಯೂ ಇದೆ. ನಿಮ್ಮ ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. ಪಿಎನ್‌ಇಎಸ್ ಎಂದೋ, ಡಿಸೋಸಿಯೇಟಿವ್ ಸೀಜರ್ ಅಥವಾ ಫಂಕ್ಷನಲ್ ಸೀಜರ್ ಎಂದೋ ಬರೆದಿರುತ್ತಾರೆ. ಮೂರೂ ಒಂದೇ ಕಾಯಿಲೆ. ಮಾನಸಿಕ ಒತ್ತಡದ ಹಿನ್ನೆಲೆಯಲ್ಲಿ, ಮೆದುಳಿನ ವಿದ್ಯುತ್ ಸ್ಫೋಟವಿಲ್ಲದೆ, ಫಿಟ್ಸ್‌ನಂತೆಯೇ ಬರುವ ಅಟ್ಯಾಕ್.

ನಿಮ್ಮ ಮಗಳೊಬ್ಬಳದೇ ಕಥೆಯಲ್ಲ ಇದು. ಮಾತ್ರೆಗೆ ಬಗ್ಗದ ಫಿಟ್ಸ್ ಎಂದು ದೊಡ್ಡ ಅಪಸ್ಮಾರ ಕೇಂದ್ರಗಳಿಗೆ ಹೋಗುವವರಲ್ಲಿ ಐದಕ್ಕೆ ಒಬ್ಬರಿಗಾದರೂ ಕೊನೆಗೆ ಇದೇ ಪತ್ತೆಯಾಗುತ್ತದೆ. ಕೆಲವು ಕೇಂದ್ರಗಳಲ್ಲಿ ಮೂರಕ್ಕೆ ಒಬ್ಬರು. ನಾಲ್ವರಲ್ಲಿ ಸುಮಾರು ಮೂವರು ಹೆಣ್ಣುಮಕ್ಕಳು. ಮೊದಲ ಅಟ್ಯಾಕ್‌ನಿಂದ ಸರಿಯಾದ ಹೆಸರು ಸಿಗುವವರೆಗೆ ಸರಾಸರಿ ಏಳು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತೆಂದು 2002ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು ಲೆಕ್ಕ ಕೊಟ್ಟಿತ್ತು. ನಿಮಗೆ ಮೂರು ವರ್ಷಕ್ಕೇ ಸಿಕ್ಕಿದೆ.

"ಬೇರೇನೂ ಸಿಗಲಿಲ್ಲ, ಅದಕ್ಕೇ ಮಾನಸಿಕ ಅಂದುಬಿಟ್ಟರು" ಎಂಬ ಗುಮಾನಿ ನಿಮಗೂ ಇರಬಹುದು. ಆದ್ದರಿಂದ ಆ ವಾರ್ಡಿನಲ್ಲಿ ವೈದ್ಯರು ನೋಡಿದ್ದೇನು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಇಜಿ ಎಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ. ಅದಕ್ಕೆಂದು ತಲೆಗೆ ಪೇಸ್ಟ್ ಹಚ್ಚಿ ಇಪ್ಪತ್ತಕ್ಕೂ ಹೆಚ್ಚು ವೈರು ಅಂಟಿಸಿದ್ದರಲ್ಲ, ಎದುರಿಗೊಂದು ಕ್ಯಾಮೆರಾ ಇತ್ತಲ್ಲ, ಅವೆರಡೂ ಒಂದೇ ಗಡಿಯಾರಕ್ಕೆ ಹೊಂದಿಕೊಂಡು ಓಡುತ್ತವೆ. ಕೈ ಅದುರಿದ ಆ ಕ್ಷಣದಲ್ಲೇ ಮೆದುಳಿನಲ್ಲಿ ಏನು ನಡೆಯುತ್ತಿತ್ತು ಎಂಬುದು ಪರದೆಯ ಮೇಲೆ ಪಕ್ಕಪಕ್ಕದಲ್ಲೇ ಕಾಣುತ್ತದೆ. ನಾವು ಎಚ್ಚರವಾಗಿದ್ದು ಸುಮ್ಮನೆ ಕಣ್ಣು ಮುಚ್ಚಿದಾಗ ತಲೆಯ ಹಿಂಭಾಗದಿಂದ ಸೆಕೆಂಡಿಗೆ 8ರಿಂದ 13 ಅಲೆಗಳ ಒಂದು ಸಮನಾದ ಲಯ ಹೊರಡುತ್ತದೆ, ಅದನ್ನು ಆಲ್ಫಾ ಅಲೆ ಅನ್ನುತ್ತೇವೆ. ಅಪಸ್ಮಾರದ ದೊಡ್ಡ ಅಟ್ಯಾಕ್ ಬಂದು ಪ್ರಜ್ಞೆ ತಪ್ಪಿದವರಲ್ಲಿ ಈ ಲಯ ಅಳಿಸಿಹೋಗಿ ಚೂಪು ಅಲೆಗಳ ಬಿರುಗಾಳಿ ಎದ್ದಿರುತ್ತದೆ. ಅಟ್ಯಾಕ್ ನಿಂತ ಮೇಲೂ ಎಷ್ಟೋ ನಿಮಿಷ ಮೆದುಳು ಮಂದಗತಿಯಲ್ಲೇ ಇರುತ್ತದೆ. ನಿಮ್ಮ ಮಗಳಂಥವರಲ್ಲಿ ಹಾಗಾಗುವುದಿಲ್ಲ. ಕರೆದರೆ ಉತ್ತರವಿಲ್ಲ, ಚಿವುಟಿದರೆ ಪ್ರತಿಕ್ರಿಯೆ ಇಲ್ಲ, ಪರದೆಯ ಮೇಲೆ ಮಾತ್ರ ಎಚ್ಚರದ ಆಲ್ಫಾ ಅಲೆ ನಿರಾಳವಾಗಿ ಓಡುತ್ತಿರುತ್ತದೆ. ಜೋರಾಗಿ ಅದುರುವಾಗ ಸ್ನಾಯುಗಳ ಗಲಾಟೆಯಲ್ಲಿ ಅದು ಮುಚ್ಚಿಹೋದರೂ ಅದುರುವುದು ನಿಂತ ಮರುಕ್ಷಣವೇ ಮತ್ತೆ ತಲೆಯೆತ್ತುತ್ತದೆ. ಇದು ಕಣ್ಣಾರೆ ಕಂಡ ಪುರಾವೆ, ಊಹೆಯಲ್ಲ.

ಜತೆಗೆ ವಿಡಿಯೊದಲ್ಲೇ ಸುಳಿವುಗಳಿರುತ್ತವೆ. ಅಪಸ್ಮಾರದ ಅಟ್ಯಾಕ್‌ನಲ್ಲಿ ಕಣ್ಣು ಸಾಮಾನ್ಯವಾಗಿ ತೆರೆದಿರುತ್ತದೆ, ಇದರಲ್ಲಿ ಬಿಗಿಯಾಗಿ ಮುಚ್ಚಿರುವುದೇ ಹೆಚ್ಚು. ತಲೆ "ಬೇಡ ಬೇಡ" ಎನ್ನುವಂತೆ ಎಡಕ್ಕೂ ಬಲಕ್ಕೂ ಆಡುತ್ತದೆ. ಕೈಕಾಲುಗಳ ಅದುರಾಟಕ್ಕೆ ತಾಳಮೇಳ ಇರುವುದಿಲ್ಲ. ನಡುವೆ ನಿಂತು ಮತ್ತೆ ಶುರುವಾಗುತ್ತದೆ. ಕೆಲವರು ಅಟ್ಯಾಕ್‌ನ ಮಧ್ಯೆ ಅಳುತ್ತಾರೆ. ಅಪಸ್ಮಾರದ ದೊಡ್ಡ ಅಟ್ಯಾಕ್ ಸಾಮಾನ್ಯವಾಗಿ ಎರಡು ಮೂರು ನಿಮಿಷದೊಳಗೆ ಮುಗಿದು, ಆಮೇಲೆ ಗೊರಕೆಯಂಥ ದೀರ್ಘ ಉಸಿರಾಟ ಇರುತ್ತದೆ. ನೀವು ಬರೆದ ಅರ್ಧ ಗಂಟೆ ಎಂಬುದೇ ನನ್ನ ಗಮನ ಸೆಳೆದದ್ದು. ಆದರೆ ಇವುಗಳಲ್ಲಿ ಯಾವ ಒಂದನ್ನೂ ಹಿಡಿದುಕೊಂಡು ತೀರ್ಪು ಕೊಡುವಂತಿಲ್ಲ. ಬಟ್ಟೆಯಲ್ಲಿ ಮೂತ್ರವಾಯಿತು, ಪೆಟ್ಟಾಯಿತು, ಆದ್ದರಿಂದ ಅಪಸ್ಮಾರವೇ ಎನ್ನುವುದು ತಪ್ಪು, ಎರಡರಲ್ಲೂ ಆಗುತ್ತದೆ. ನಾಲಗೆಯ ಪಕ್ಕದ ಅಂಚು ಕಚ್ಚಿಹೋಗಿದ್ದರೆ ಮಾತ್ರ ಅಪಸ್ಮಾರದ ಕಡೆಗೆ ಹೆಚ್ಚು ವಾಲುತ್ತೇವೆ.

ಹಾಗಾದರೆ ಮೂರು ವರ್ಷದ ಹಿಂದೆಯೇ ಏಕೆ ತಿಳಿಯಲಿಲ್ಲ? ಅರ್ಧ ಗಂಟೆಯ ಮಾಮೂಲಿ ಇಇಜಿ ಮಾಡುವಾಗ ಅಟ್ಯಾಕ್ ಬಂದಿರುವುದಿಲ್ಲ. ನಿಜವಾದ ಅಪಸ್ಮಾರ ಇರುವವರಲ್ಲೂ ಮೊದಲ ಇಇಜಿ ಸುಮಾರು ಅರ್ಧದಷ್ಟು ಜನರಲ್ಲಿ ನಾರ್ಮಲ್ ಬರುತ್ತದೆ, ಆದ್ದರಿಂದ ನಾರ್ಮಲ್ ವರದಿಯಿಂದ ಏನೂ ತೀರ್ಮಾನವಾಗದು. ತಿರುಗುಮುರುಗಾಗಿ, ತೂಕಡಿಕೆಯಲ್ಲಿ ಆರೋಗ್ಯವಂತರಿಗೂ ಬರುವ ಕೆಲವು ಚೂಪು ಅಲೆಗಳನ್ನು ಅಪಸ್ಮಾರವೆಂದು ಓದಿಬಿಡುವುದೂ ಉಂಟು. ಒಮ್ಮೆ ವರದಿಯಲ್ಲಿ "ಅಬ್‌ನಾರ್ಮಲ್" ಎಂಬ ಪದ ಬಿತ್ತೆಂದರೆ ಆ ಫೈಲು ವರ್ಷಗಟ್ಟಲೆ ರೋಗಿಯ ಬೆನ್ನು ಬಿಡುವುದಿಲ್ಲ. ಅಟ್ಯಾಕ್ ಆದ ಹತ್ತಿಪ್ಪತ್ತು ನಿಮಿಷದೊಳಗೆ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಎಷ್ಟಿದೆಯೆಂದು ನೋಡುವ ಪದ್ಧತಿಯೂ ಇದೆ. ದೊಡ್ಡ ಅಪಸ್ಮಾರದ ಅಟ್ಯಾಕ್ ಆದ ಮೇಲೆ ಅದು ಏರುತ್ತದೆ ಎಂಬುದು ನಿಜ, ಆದರೆ ತಲೆಸುತ್ತಿ ಬಿದ್ದವರಲ್ಲೂ ಏರಬಹುದು, ಕೆಲವು ಬಗೆಯ ಅಪಸ್ಮಾರದಲ್ಲಿ ಏರದೆಯೂ ಇರಬಹುದು. ಅದರ ಮೇಲೆ ನಾನು ಹೆಚ್ಚು ಭಾರ ಹಾಕುವುದಿಲ್ಲ. ಅದಕ್ಕಿಂತ ಮನೆಯವರ ಮೊಬೈಲ್ ವಿಡಿಯೊ ಎಷ್ಟೋ ಮೇಲು. ಅಟ್ಯಾಕ್ ಬಂದಾಗ ಒಬ್ಬರು ಮಗಳ ಬಳಿ ಇರಲಿ, ಇನ್ನೊಬ್ಬರು ಮುಖ ಮತ್ತು ಇಡೀ ಮೈ ಕಾಣುವಂತೆ, ಮುಗಿಯುವವರೆಗೂ ಚಿತ್ರೀಕರಿಸಲಿ.

ಒಂದು ಪ್ರಶ್ನೆಯನ್ನು ನೀವು ಬೆಂಗಳೂರಿನ ವೈದ್ಯರಿಗೆ ಕೇಳಲೇಬೇಕು. ಅಲ್ಲಿ ದಾಖಲಾದ ಎರಡು ಅಟ್ಯಾಕ್‌ಗಳು ಮನೆಯಲ್ಲಿ ಬರುವಂಥವೇ ಆಗಿದ್ದವೆ? ವಿಡಿಯೊ ನೋಡಿ "ಹೌದು, ಇದೇ" ಎಂದು ನೀವು ಗುರುತಿಸಿದರಷ್ಟೆ ರೋಗನಿರ್ಣಯ ಗಟ್ಟಿ. ಕಾರಣವಿದೆ: ಇಂಥವರಲ್ಲಿ ಸುಮಾರು ಐದಕ್ಕೆ ಒಬ್ಬರಿಗೆ ಅಪಸ್ಮಾರವೂ ಜತೆಗಿರುತ್ತದೆ. ಎರಡು ಬಗೆಯ ಅಟ್ಯಾಕ್ ಇದ್ದು ಒಂದು ಮಾತ್ರ ದಾಖಲಾಗಿದ್ದರೆ ಕೆಲಸ ಅರ್ಧವಷ್ಟೇ ಆದಂತೆ. ಗಾಢ ನಿದ್ದೆಯಿಂದಲೇ ಎದ್ದು ಬರುವ, ಅರೆ ನಿಮಿಷದಲ್ಲಿ ಮುಗಿದುಹೋಗುವ, ಪ್ರತಿ ಸಲವೂ ಅಚ್ಚು ಹಾಕಿದಂತೆ ಒಂದೇ ರೀತಿ ಇರುವ ಅಟ್ಯಾಕ್ ಇದ್ದರೆ ತಪ್ಪದೆ ತಿಳಿಸಿ. ಮೆದುಳಿನ ಮುಂಭಾಗದಿಂದ ಹುಟ್ಟುವ ಅಪಸ್ಮಾರ ನೋಡಲು ವಿಚಿತ್ರವಾಗಿರುತ್ತದೆ, ಇಇಜಿಗೂ ಸಿಗದೆ ಹೋಗಬಹುದು. ಅದನ್ನು ಮಾನಸಿಕ ಎಂದು ತಳ್ಳಿಹಾಕಿದ ಉದಾಹರಣೆಗಳೂ ಇವೆ. ಹೃದಯದ ಲಯ ತಪ್ಪಿ ಬೀಳುವವರೂ ಇರುವುದರಿಂದ ಒಂದು ಇಸಿಜಿ ಆಗಿರಲಿ.

ಇನ್ನು ನಿಮ್ಮ ಮೈದುನರ ಮಾತು. ನಾಟಕವೆಂದರೆ ಬೇಕೆಂದು ಮಾಡುವುದು, ಸಾಕೆನಿಸಿದಾಗ ನಿಲ್ಲಿಸುವುದು. ಈ ಅಟ್ಯಾಕ್‌ಗಳ ಮೇಲೆ ಅವಳಿಗೆ ಹಿಡಿತವಿಲ್ಲ. ಮನೆಯ ವೈರಿಂಗ್ ಸುಟ್ಟಿಲ್ಲ, ಆದರೆ ಲೋಡು ಹೆಚ್ಚಾದೊಡನೆ ಮೇನ್ ಸ್ವಿಚ್ ತಾನಾಗಿಯೇ ಟ್ರಿಪ್ ಆಗುತ್ತದೆ. ನಡೆಯುತ್ತಿರುವುದು ಹೆಚ್ಚುಕಡಿಮೆ ಅದೇ. ಭಯವೋ ಸಂಕಟವೋ ತಾಳಲಾರದ ಮಟ್ಟ ಮುಟ್ಟಿದಾಗ ಮನಸ್ಸು ಪ್ರಜ್ಞೆಯಿಂದ ಕಳಚಿಕೊಳ್ಳುತ್ತದೆ, ದೇಹ ತನ್ನ ಪಾಡಿಗೆ ತಾನು ಅದುರುತ್ತದೆ. ಒಮ್ಮೆ ಈ ದಾರಿ ಬಿದ್ದ ಮೇಲೆ ಸಣ್ಣ ಕಾರಣಕ್ಕೂ, ಕಾರಣವೇ ಇಲ್ಲದೆಯೂ ಬರತೊಡಗುತ್ತದೆ. "ಆವತ್ತು ಯಾವ ಟೆನ್ಷನ್ನೂ ಇರಲಿಲ್ಲ, ಟಿವಿ ನೋಡುತ್ತಾ ಕೂತಿದ್ದಳು" ಎಂದು ತಾಯಂದಿರು ಹೇಳುವುದು ಸುಳ್ಳಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೊ ಎಂಬ ಹೆಸರಾಂತ ನರವೈದ್ಯ ಇಂಥ ರೋಗಿಗಳನ್ನು ಸಭಿಕರ ಮುಂದೆ ನಿಲ್ಲಿಸಿ ಪಾಠ ಮಾಡುತ್ತಿದ್ದ. ಆ ಪ್ರದರ್ಶನದ ಕಾಲ ಮುಗಿದಿದೆ ಅಂದುಕೊಂಡರೆ, ನಮ್ಮ ಕ್ಯಾಶುವಾಲ್ಟಿಗಳಲ್ಲಿ ಉಗುರು ಒತ್ತಿ, ಎದೆಮೂಳೆ ಉಜ್ಜಿ, ಮೂಗಿಗೆ ಅಮೋನಿಯ ಹಿಡಿದು "ಏಳಮ್ಮ, ನಾಟಕ ಸಾಕು" ಅನ್ನುವವರು ಈಗಲೂ ಸಿಗುತ್ತಾರೆ. ಅದು ಪರೀಕ್ಷೆಯೂ ಅಲ್ಲ, ಚಿಕಿತ್ಸೆಯೂ ಅಲ್ಲ, ಹಿಂಸೆ.

ಅತ್ತೆಯವರ ಮಾತಿಗೆ ಬರೋಣ. ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗಿ ಮನಸ್ಸು ಹಗುರವಾಗುವುದಾದರೆ ಹೋಗಿ ಬನ್ನಿ, ನನ್ನದೇನೂ ತಕರಾರಿಲ್ಲ. ಗಾಳಿ ಬಿಡಿಸುತ್ತೇವೆಂದು ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಮಾತ್ರ ಕೂಡದು. ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ದೆವ್ವ ಬಿಡಿಸುವ ಹೆಸರಿನಲ್ಲಿ ಹಿಂಸಿಸುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಹೆದರಿಕೆಯಿಂದ ಶುರುವಾದ ಕಾಯಿಲೆಗೆ ಇನ್ನಷ್ಟು ಹೆದರಿಕೆ ಸುರಿದರೆ ಅಟ್ಯಾಕ್ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಮಾತ್ರೆ. ಇಂದೇ ನಿಲ್ಲಿಸಬೇಡಿ. ಅಪಸ್ಮಾರದ ಮಾತ್ರೆಗಳು ಈ ಕಾಯಿಲೆಗೆ ಕೆಲಸ ಮಾಡುವುದಿಲ್ಲ ಎಂಬುದು ಖಂಡಿತ. ಆದರೆ ಮೂರು ವರ್ಷ ತಿಂದದ್ದನ್ನು ಏಕಾಏಕಿ ಬಿಟ್ಟರೆ, ಅದರಲ್ಲೂ ಕ್ಲೋಬಜಾಮ್, ಫಿನೋಬಾರ್ಬಿಟೋನ್‌ನಂಥವನ್ನು ಬಿಟ್ಟರೆ, ಅಪಸ್ಮಾರವಿಲ್ಲದವರಿಗೂ ನಿಜವಾದ ಫಿಟ್ಸ್ ಬಂದೀತು. ನರರೋಗ ತಜ್ಞರು ಒಂದೊಂದಾಗಿ, ವಾರಗಟ್ಟಲೆ, ಕೆಲವನ್ನು ತಿಂಗಳುಗಟ್ಟಲೆ ಇಳಿಸುತ್ತಾರೆ. ಮೂರರಲ್ಲಿ ವಾಲ್ಪ್ರೋಯೇಟ್ ಇದೆಯೇ ನೋಡಿ. ಗರ್ಭಿಣಿಯಾದಾಗ ಅದು ಮಗುವಿನ ಬೆನ್ನುಹುರಿಗೆ, ಬುದ್ಧಿ ಬೆಳವಣಿಗೆಗೆ ಹಾನಿ ಮಾಡುವಂಥ ಔಷಧಿ. 19 ವರ್ಷದ ಹುಡುಗಿಗೆ ಅಗತ್ಯವಿಲ್ಲದೆ ಅದು ನಡೆಯಕೂಡದು. ಎಪ್ಟೋಯಿನ್ ಇದ್ದರೆ ವಸಡು ಊದಿಕೊಂಡಿದೆಯೇ ಎಂದೂ ನೋಡಿ. ಕಾಲೇಜಿನಲ್ಲಿ ಮಂಪರು, ಮರೆವು ಎಂದು ಅವಳು ಹೇಳುತ್ತಿದ್ದರೆ ಅದರಲ್ಲಿ ಒಂದಷ್ಟು ಪಾಲು ಈ ಮಾತ್ರೆಗಳದೇ ಇರಬಹುದು.

ಚಿಕಿತ್ಸೆ ಶುರುವಾಗುವುದು ಸರಿಯಾದ ವಿವರಣೆಯಿಂದ. ಇದನ್ನು ಔಪಚಾರಿಕ ಮಾತೆಂದು ತಿಳಿಯಬೇಡಿ. "ನಿನಗೆ ಬರುವ ಅಟ್ಯಾಕ್ ನಿಜ, ನೀನು ಬೇಕೆಂದು ಮಾಡುತ್ತಿಲ್ಲ, ಇದರ ಹೆಸರು ಇದು, ಇದು ಗುಣವಾಗಬಲ್ಲದು" ಎಂದು ಗೌರವದಿಂದ ಹೇಳಿದ ಮೇಲೆ ಕೆಲವರಿಗೆ ಅಷ್ಟರಿಂದಲೇ ಅಟ್ಯಾಕ್ ಕಡಿಮೆಯಾಗುವುದನ್ನು ನಾವು ನೋಡುತ್ತೇವೆ. ನಿಮ್ಮ ಮಗಳಿಗೆ ಈ ಮಾತನ್ನು ಯಾರೂ ಕೂರಿಸಿ ಹೇಳಿದಂತಿಲ್ಲ. ಮತ್ತೆ ಹೋಗಿ ಕೇಳಿ. ಅದು ನಿಮ್ಮ ಹಕ್ಕು.

ಆಮೇಲಿನದು ಮಾತಿನ ಚಿಕಿತ್ಸೆ. ಹೆಚ್ಚು ಪರೀಕ್ಷೆಗೊಳಗಾಗಿರುವುದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ. ಸಾಮಾನ್ಯವಾಗಿ ಹನ್ನೆರಡು ಭೇಟಿಗಳು. ಅಲ್ಲಿ ಸುಮ್ಮನೆ ಕೂತು ಬುದ್ಧಿವಾದ ಕೇಳುವುದಿರುವುದಿಲ್ಲ. ಮಗಳು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಅಟ್ಯಾಕ್‌ಗೂ ಹಿಂದಿನ ಹತ್ತು ನಿಮಿಷ ಏನಾಯಿತೆಂದು ಬರೆಯಬೇಕು. ಮೊದಮೊದಲು "ಏನೂ ಇಲ್ಲ" ಎಂದೇ ಬರೆಯುತ್ತಾರೆ. ಕೆಲವು ವಾರಗಳಲ್ಲಿ ಎದೆ ಡವಡವ ಎಂದದ್ದು, ಬೆರಳ ತುದಿ ಜುಮ್ಮೆಂದದ್ದು, ಎದುರಿದ್ದವರ ಮಾತು ದೂರದಿಂದ ಬಂದಂತೆ ಕೇಳಿಸಿದ್ದು ಹೊರಬೀಳುತ್ತದೆ. ಆ ಅರೆ ನಿಮಿಷವೇ ನಮಗೆ ಬೇಕಾದ ಜಾಗ. ಅಷ್ಟರಲ್ಲಿ ಮನಸ್ಸನ್ನು ಇಲ್ಲಿಗೆ, ಈ ಕೋಣೆಗೆ ಎಳೆದು ತರುವ ಅಭ್ಯಾಸ ಮಾಡಿಸುತ್ತಾರೆ: ಅಂಗಾಲನ್ನು ನೆಲಕ್ಕೆ ಒತ್ತಿ ತಣುಪು ಗಮನಿಸುವುದು, ಬೀಗದ ಕೈಗೊಂಚಲಿನ ಹಲ್ಲುಗಳನ್ನು ಬೆರಳಲ್ಲಿ ಎಣಿಸುವುದು, ಗೋಡೆಯ ಮೇಲೆ ಕಾಣುವ ವಸ್ತುಗಳನ್ನು ಬಾಯಿಬಿಟ್ಟು ಹೆಸರಿಸುವುದು, ಉಸಿರನ್ನು ನಿಧಾನವಾಗಿ ಉದ್ದಕ್ಕೆ ಬಿಡುವುದು. ಅಟ್ಯಾಕ್ ಬಂದಾಗ ಕೈಗೆ ಕಬ್ಬಿಣ ಕೊಡುವ ನಮ್ಮ ರೂಢಿ ಅಪಸ್ಮಾರಕ್ಕೆ ಕಿಂಚಿತ್ತೂ ಉಪಯೋಗವಿಲ್ಲದ್ದು. ಆದರೆ ಈ ಕಾಯಿಲೆಯಲ್ಲಿ, ಬರುವ ಮುಂಚೆ, ಅವಳೇ ಹಿಡಿದುಕೊಂಡ ಬೀಗದ ಕೈ ಕೆಲಸಕ್ಕೆ ಬರುತ್ತದೆ ಎಂಬುದು ತಮಾಷೆಯೇ ಸರಿ. ಇದರ ಜತೆಗೆ, ಅಟ್ಯಾಕ್ ಭಯಕ್ಕೆ ಬಿಟ್ಟಿದ್ದ ಬಸ್ಸು, ಕ್ಲಾಸು, ಸಂತೆ, ಮದುವೆ ಮನೆಗಳಿಗೆ ಹಂತಹಂತವಾಗಿ ಮರಳುವುದೂ ಚಿಕಿತ್ಸೆಯ ಭಾಗ.

ಪವಾಡ ನಿರೀಕ್ಷಿಸಬೇಡಿ. 2014ರಲ್ಲಿ ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ ಈ ಬಗೆಯ ಚಿಕಿತ್ಸೆ ಪಡೆದವರ ಅಟ್ಯಾಕ್‌ಗಳು ಸುಮಾರು ಅರ್ಧಕ್ಕಿಳಿದವು. 2020ರಲ್ಲಿ ಬ್ರಿಟನ್ನಿನಲ್ಲಿ 368 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು: ವರ್ಷದ ಕೊನೆಯಲ್ಲಿ ತಿಂಗಳಿಗೆಷ್ಟು ಅಟ್ಯಾಕ್ ಎಂಬ ಲೆಕ್ಕದಲ್ಲಿ ಸಿಬಿಟಿ ಪಡೆದವರಿಗೂ ಪಡೆಯದವರಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಆದರೆ ಸಿಬಿಟಿ ಗುಂಪಿನಲ್ಲಿ ಅಟ್ಯಾಕೇ ಇಲ್ಲದೆ ಸತತವಾಗಿ ಕಳೆದ ದಿನಗಳು ಹೆಚ್ಚಿದ್ದವು, ಬದುಕಿನ ಗುಣಮಟ್ಟ, ದಿನದ ಕೆಲಸ ಸುಧಾರಿಸಿದ್ದವು. ಇನ್ನೊಂದು ಗುಂಪಿಗೂ ನರರೋಗ ತಜ್ಞರ, ಮನೋವೈದ್ಯರ ಒಳ್ಳೆಯ ಆರೈಕೆ, ವಿವರಣೆ ಸಿಕ್ಕಿತ್ತು ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಎಷ್ಟು ಜನರಿಗೆ ಅಷ್ಟು ಸಿಗುತ್ತದೆ? ಖಿನ್ನತೆ, ಆತಂಕ ಜತೆಗಿದ್ದರೆ ಮನೋವೈದ್ಯರು ಅದಕ್ಕೆ ಮಾತ್ರೆ ಕೊಡುತ್ತಾರೆ, ತೆಗೆದುಕೊಳ್ಳಲಿ.

ಮೊದಲ ಭೇಟಿಗಳಲ್ಲಿ ವೈದ್ಯರು ನಿಮ್ಮನ್ನು ಹೊರಗೆ ಕೂರಲು ಹೇಳಿ ಅವಳೊಬ್ಬಳ ಜತೆ ಮಾತಾಡುತ್ತಾರೆ. ಬೇಸರಿಸಬೇಡಿ, ಆಮೇಲೆ "ಏನು ಹೇಳಿದೆ?" ಎಂದು ಕೆದಕಲೂ ಬೇಡಿ. ಈ ಕಾಯಿಲೆಯ ಹಿಂದೆ ಬಾಲ್ಯದಲ್ಲೋ ಹದಿಹರೆಯದಲ್ಲೋ ಆದ ದೌರ್ಜನ್ಯ ಇರುವುದು ಅಪರೂಪವಲ್ಲ. ಎಲ್ಲರಲ್ಲೂ ಇರುತ್ತದೆಂದೂ ಅಲ್ಲ. ಪರೀಕ್ಷೆಯ ಒತ್ತಡ, ಮನೆಯ ಜಗಳ, ಒಲ್ಲದ ಸಂಬಂಧದ ಮಾತುಕತೆ, ಹೇಳಿಕೊಳ್ಳಲಾಗದ ಪ್ರೀತಿ, ಅಜ್ಜನ ಸಾವು, ಯಾವುದೂ ಇರಬಹುದು. 16ನೇ ವಯಸ್ಸಿನಲ್ಲಿ ಏನಾಗಿತ್ತು ಎಂದು ನೀವೇ ಪತ್ತೇದಾರಿಕೆಗೆ ಇಳಿಯಬೇಡಿ. ಹೇಳಬೇಕೆನಿಸಿದಾಗ ಅವಳು ಹೇಳಲಿ.

ಮನೆಯಲ್ಲಿ ಅಟ್ಯಾಕ್ ಬಂದಾಗ: ಒಲೆ, ಚೂಪು ಮೂಲೆ ದೂರ ಮಾಡಿ, ತಲೆಯಡಿಗೆ ಮಡಿಸಿದ ಟವೆಲ್ ಇಡಿ. ಗಟ್ಟಿಯಾಗಿ ಹಿಡಿದು ಒತ್ತಬೇಡಿ, ಹಿಡಿದಷ್ಟೂ ಹೆಚ್ಚುತ್ತದೆ. ಈರುಳ್ಳಿ, ಚಪ್ಪಲಿ, ಮುಖಕ್ಕೆ ನೀರು ಏನೂ ಬೇಡ. ಸುತ್ತ ಸೇರಿದವರನ್ನು ಕಳಿಸಿ. ಒಬ್ಬರೇ ಪಕ್ಕದಲ್ಲಿ ಕೂತು ಸಾಮಾನ್ಯ ದನಿಯಲ್ಲಿ "ನಾನಿಲ್ಲೇ ಇದ್ದೀನಿ ಮಗಳೇ, ಮನೆಯಲ್ಲೇ ಇದ್ದೀಯ, ಈಗ ನಿಲ್ಲುತ್ತೆ" ಎನ್ನುತ್ತಿರಿ. ಎಷ್ಟೋ ಮಂದಿಗೆ ಆ ಹೊತ್ತಿನಲ್ಲಿ ಕೇಳಿಸುತ್ತಿರುತ್ತದೆ, ಉತ್ತರಿಸಲಾಗುವುದಿಲ್ಲ ಅಷ್ಟೆ. ಆದ್ದರಿಂದ ಅವಳ ತಲೆಯ ಮೇಲೆ ನಿಂತು ಆಸ್ಪತ್ರೆ ಖರ್ಚು, ಮದುವೆ ಚಿಂತೆ ಮಾತಾಡಬೇಡಿ. ಮುಗಿದ ಮೇಲೆ ಸ್ವಲ್ಪ ಸುಧಾರಿಸಿಕೊಂಡು ಮಾಡುತ್ತಿದ್ದ ಕೆಲಸಕ್ಕೆ ಮರಳಲಿ. ಬಾವಿಕಟ್ಟೆ, ಈಜು, ಸ್ಕೂಟಿ ಸದ್ಯಕ್ಕೆ ಬೇಡ. ಕಾಲೇಜು ಬಿಡಿಸಬೇಡಿ. ಮನೆಯಲ್ಲಿ ಕೂರಿಸಿ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಪ್ರೀತಿಯೇ ಈ ಕಾಯಿಲೆಗೆ ನೀರೆರೆಯುವುದುಂಟು. ಕಾಲೇಜಿನಲ್ಲಿ ಒಬ್ಬ ಮೇಡಂಗೆ, ಒಬ್ಬಿಬ್ಬರು ಗೆಳತಿಯರಿಗೆ ಮೇಲಿನಷ್ಟನ್ನು ಹೇಳಿಕೊಟ್ಟರೆ ಸಾಕು.

ಡಿಸ್ಚಾರ್ಜ್ ಸಮ್ಮರಿಯ ಒಂದು ಪ್ರತಿ ಅವಳ ಬ್ಯಾಗಿನಲ್ಲಿ ಇರಲಿ. ಅರ್ಧ ಗಂಟೆ ಅದುರುವವರನ್ನು ಕ್ಯಾಶುವಾಲ್ಟಿಗೆ ಒಯ್ದರೆ ಸ್ಟೇಟಸ್ ಎಪಿಲೆಪ್ಟಿಕಸ್ ಎಂಬ ತುರ್ತುಸ್ಥಿತಿ ಎಂದುಕೊಂಡು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಡುತ್ತಾರೆ. ಅದರಿಂದ ಉಸಿರು ಕುಗ್ಗಿ ವೆಂಟಿಲೇಟರ್ ಹತ್ತಿದವರಿದ್ದಾರೆ. ಈ ಕಾಯಿಲೆಯಲ್ಲಿ ಪ್ರಾಣಕ್ಕೆ ಬರುವ ಅಪಾಯಗಳಲ್ಲಿ ಚಿಕಿತ್ಸೆಯಿಂದಲೇ ಬರುವಂಥದ್ದು ಇದು.

ಎಲ್ಲಿಗೆ ಹೋಗುವುದು? ನಿಮ್ಹಾನ್ಸ್‌ನಲ್ಲಿ ನರರೋಗ, ಮನೋವೈದ್ಯ, ಕ್ಲಿನಿಕಲ್ ಸೈಕಾಲಜಿ ಮೂರೂ ಒಂದೇ ಆವರಣದಲ್ಲಿವೆ, ಅದು ದೊಡ್ಡ ಅನುಕೂಲ. ಪ್ರತಿ ವಾರ ಬೆಂಗಳೂರಿಗೆ ಬರುವುದು ಆಗದ ಮಾತು, ನನಗೆ ಗೊತ್ತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಜಿಲ್ಲಾಸ್ಪತ್ರೆಯಲ್ಲಿ ಸಿಗುತ್ತಾರೆ. ಇವತ್ತು ದೇಶದಾದ್ಯಂತ ಇರುವ ಆ ಕಾರ್ಯಕ್ರಮದ ಮಾದರಿ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ರೂಪುಗೊಂಡದ್ದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹತ್ತಿರದ ಕೇಂದ್ರವನ್ನೂ ತಿಳಿಸುತ್ತಾರೆ. ಸೈಕಾಲಜಿಸ್ಟರೊಂದಿಗಿನ ಕೆಲವು ಭೇಟಿಗಳು ವಿಡಿಯೊ ಕಾಲ್‌ನಲ್ಲೂ ನಡೆಯಬಹುದು. ಮಾನಸಿಕ ತಜ್ಞರ ಕಡೆ ಕಳಿಸಿದ ಮೇಲೆ ನರರೋಗ ತಜ್ಞರು ಕೈ ತೊಳೆದುಕೊಳ್ಳುವುದು ಮಾತ್ರ ಸರಿಯಲ್ಲ. ಮಾತ್ರೆ ಇಳಿಸಿ ಮುಗಿಯುವವರೆಗಾದರೂ ಅವರ ಬಳಿಯೂ ತೋರಿಸುತ್ತಿರಿ.

ಮದುವೆ ಬಗ್ಗೆ ಕೇಳಿದ್ದೀರಿ. ಆಗಬಹುದು. ಈ ಕಾಯಿಲೆ ಮದುವೆಗಾಗಲಿ ಮಕ್ಕಳಾಗುವುದಕ್ಕಾಗಲಿ ಅಡ್ಡಿಯಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ಹೇಳಿದ್ದ ಕಾರಣಗಳಿಂದ ಅಪಸ್ಮಾರವನ್ನೇ 1999ರಲ್ಲಿ ತೆಗೆದುಹಾಕಲಾಗಿದೆ, ನಿಮ್ಮ ಮಗಳಿಗಂತೂ ಅದೂ ಇಲ್ಲ. ಆದರೆ "ಮದುವೆ ಮಾಡಿದರೆ ಸರಿಹೋಗುತ್ತೆ" ಎಂಬ ಸಲಹೆ ಕೊಡುವ ನೆಂಟರು ಈಗಾಗಲೇ ಬಂದಿರಬೇಕು, ಅವರ ಮಾತಿಗೆ ಕಿವಿಗೊಡಬೇಡಿ. ಮುಚ್ಚಿಟ್ಟು ಮಾಡುವ ಮದುವೆಯಂಥ ಒತ್ತಡ ಇನ್ನೊಂದಿಲ್ಲ. ಅವಳ ಡಿಗ್ರಿ ಮುಗಿಯಲಿ, ಚಿಕಿತ್ಸೆ ಒಂದು ಹದಕ್ಕೆ ಬರಲಿ, ಸಂಬಂಧದ ಮಾತು ಅವಳ ಬಾಯಿಂದಲೇ ಬರಲಿ.

ಮಾತ್ರೆ ಇಳಿಸುವ ತಿಂಗಳುಗಳಲ್ಲಿ ಮೂರು ವಿಷಯಕ್ಕೆ ಎಚ್ಚರವಿರಲಿ: ಹಿಂದೆಂದೂ ಕಾಣದ ಬಗೆಯ ಅಟ್ಯಾಕ್ ಬಂದರೆ, ತುಟಿ ನೀಲಿಯಾಗಿ ಉಸಿರಾಟ ಕಷ್ಟವಾದರೆ, ಅಥವಾ ಬದುಕುವುದೇ ಬೇಡ ಎಂಬರ್ಥದ ಮಾತು ಅವಳಿಂದ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.